ಬಾಡಿಗೆ ಕಟ್ಟಡದ ವರಮಾನ ತೆರಿಗೆ: ಯಾವ ಖರ್ಚು ವಜಾ, ಯಾವುದು ವಜಾ ಅಲ್ಲ?

ಒಕ್ಕಲುತನದ ಜೊತೆಗೆ ಪೇಟೆಯಲ್ಲಿ ಒಂದು ಬಾಡಿಗೆ ಕಟ್ಟಡವೂ ಇರಲಿ ಎಂಬ ವಿಚಾರ ನಮ್ಮ ರೈತರಲ್ಲಿ ಬೆಳೆದು ಬಂದಿದೆ. ಅಡಿಕೆಯ ಧಾರಣೆ ಇಳಿದ ವರ್ಷ, ಮಳೆ ತಪ್ಪಿ ಜೋಳ ಒಣಗಿದ ವರ್ಷ, ತಿಂಗಳಿಗೊಮ್ಮೆ ಕೈಗೆ ಬರುವ ಬಾಡಿಗೆಯೇ ಮನೆಯ ಉಪ್ಪು ಎಣ್ಣೆಗೆ ಆಧಾರ. ಕಾಸರಗೋಡಿನಲ್ಲಾಗಲಿ, ಹೊಸೂರಿನಲ್ಲಾಗಲಿ, ಅಕ್ಕಲಕೋಟೆ, ಆದೋನಿಗಳಲ್ಲಾಗಲಿ ಇಂಥ ಮಳಿಗೆ, ಉಗ್ರಾಣ, ಮಹಡಿ ಮನೆಗಳನ್ನು ಸಾಲ ಮಾಡಿ ಕಟ್ಟಿಸಿದ ರೈತರು ಅನೇಕರಿದ್ದಾರೆ.

ಬೆಳೆಯಿಂದ ಬಂದ ವರಮಾನಕ್ಕೆ ಕೇಂದ್ರ ಸರಕಾರದ ವರಮಾನ ತೆರಿಗೆ ಇಲ್ಲ. ಬಾಡಿಗೆಗೆ ಇದೆ. ರೈತ ಎಡವುವುದು ಇಲ್ಲಿಯೇ. ಒಬ್ಬನು, "ನಾನು ರೈತ, ನನ್ನ ಯಾವ ಹಣಕ್ಕೂ ತೆರಿಗೆ ಇಲ್ಲ" ಎಂದು ಸುಮ್ಮನಿದ್ದು, ಮುಂದೆ ನೋಟೀಸು ಬಂದಾಗ ತೆರಿಗೆಯನ್ನೂ ಅದರ ಮೇಲೆ ಬಡ್ಡಿಯನ್ನೂ ಕಟ್ಟುವನು. ಇನ್ನೊಬ್ಬನು ಸುಣ್ಣ, ಹೆಂಚು, ಕೂಲಿಗಳ ಚೀಟಿಗಳನ್ನೆಲ್ಲ ಸರಕ್ಕೆ ಪೋಣಿಸಿ ಇಡುವನು. ನಿಜವಾಗಿ ಬೇಕಾದ ಬಡ್ಡಿಯ ದಾಖಲೆಯನ್ನು ಮಾತ್ರ ಬ್ಯಾಂಕಿನಿಂದ ತರುವುದಿಲ್ಲ. ಇಬ್ಬರಿಗೂ ನಷ್ಟವೇ.

ಈ ವಿಷಯದಲ್ಲಿ ನಾವಿರುವ ರಾಜ್ಯ ಯಾವುದಾದರೂ ಕಾಯಿದೆ ಒಂದೇ. ಜಮೀನಿನ ಕಾನೂನು ಗಡಿ ದಾಟಿದರೆ ಬದಲಾಗುವುದು. ವರಮಾನ ತೆರಿಗೆ ಹಾಗಲ್ಲ. 1961ರ ಕಾಯಿದೆಯ ಸ್ಥಾನದಲ್ಲಿ 2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ 2025ರ ಹೊಸ ಕಾಯಿದೆಯನ್ನು ಮಾಡಿದ್ದಾರೆ. ಕಲಮುಗಳ ಅಂಕಿಗಳು ಬದಲಾದರೂ ಬಾಡಿಗೆಯ ಮಟ್ಟಿಗೆ ಮೂಲ ನಿಯಮ ಹಿಂದಿನದೇ. ಆ ನಿಯಮವನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ: ನೀವು ಮಾಡಿದ ಖರ್ಚನ್ನೆಲ್ಲ ಕಾಯಿದೆ ಕೇಳುವುದಿಲ್ಲ, ಅದು ಕೊಡುವ ವಜಾ ಮೂರೇ ಮೂರು.

ಮೊದಲು ಕಟ್ಟಡವನ್ನು ವಿಂಗಡಿಸಿ

ಎಲ್ಲ ಬಾಡಿಗೆಯೂ ಒಂದೇ ಬಗೆಯದಲ್ಲ. ಲೆಕ್ಕ ಹಾಕುವ ಮೊದಲು ನಿಮ್ಮದು ಯಾವುದೆಂದು ನೋಡಿಕೊಳ್ಳಿ.

1. ಹೊಲ ತೋಟದ ಕಟ್ಟಡ: ಸಾಗುವಳಿ ಜಮೀನಿನಲ್ಲಿ ಅಥವಾ ಅದಕ್ಕೆ ತೀರ ಸಮೀಪದಲ್ಲಿದ್ದು, ಜಮೀನಿನ ಸಂಬಂಧದಿಂದ ವಾಸಕ್ಕೆ, ದವಸ ಇಡಲಿಕ್ಕೆ ಅಥವಾ ಕೊಟ್ಟಿಗೆಯಾಗಿ ಉಪಯೋಗವಾಗುವ ಕಟ್ಟಡದ ವರಮಾನ ಕೃಷಿ ವರಮಾನದಲ್ಲಿ ಸೇರುವುದು. ಜಮೀನಿಗೆ ಭೂಕಂದಾಯ ಇರಬೇಕು, ಇಲ್ಲವೇ ಅದು ಪಟ್ಟಣದ ನಿಗದಿತ ಎಲ್ಲೆಯ ಹೊರಗಿರಬೇಕು. ಆದರೆ ಅದೇ ಕಟ್ಟಡವನ್ನು ಕಿರಾಣಿ ಅಂಗಡಿಗೋ, ಶಾಲೆಯ ಮಾಸ್ತರರ ಬಿಡಾರಕ್ಕೋ ಕೊಟ್ಟರೆ ಆ ಬಾಡಿಗೆ ಕೃಷಿ ವರಮಾನವಲ್ಲ. ತೋಟದ ನಡುವೆ ಇದ್ದರೂ ಅಲ್ಲ.

2. ಊರಿನ ಅಥವಾ ಪೇಟೆಯ ಮನೆ, ಮಳಿಗೆ, ಉಗ್ರಾಣ: ಇದರ ಬಾಡಿಗೆ "ಮನೆ ಆಸ್ತಿಯ ವರಮಾನ" ಎಂಬ ಬಾಬಿಗೆ ಸೇರುವುದು. ಈ ಪಾಠ ಮುಖ್ಯವಾಗಿ ಇದರದೇ.

3. ಬಯಲು ಜಾಗ: ಕಟ್ಟಡವಿಲ್ಲದ ನಿವೇಶನವನ್ನು ಮರ, ಇಟ್ಟಿಗೆ ಪೇರಿಸಲು ಕೊಟ್ಟರೆ ಅದು ಮನೆ ಆಸ್ತಿಯಲ್ಲ, "ಇತರ ವರಮಾನ". ಅಲ್ಲಿ ಮೂರು ವಜಾಗಳ ಕ್ರಮ ಇಲ್ಲ. ಆ ಬಾಡಿಗೆ ಗಳಿಸುವುದಕ್ಕಾಗಿಯೇ ಆದ ನಿಜ ಖರ್ಚು ತೋರಿಸಬೇಕು.

4. ಯಂತ್ರ ಸಹಿತ ಗಿರಣಿ: ಹಿಟ್ಟಿನ ಗಿರಣಿಯನ್ನು ಯಂತ್ರದೊಡನೆ, ಕಟ್ಟಡ ಬೇರೆ ಯಂತ್ರ ಬೇರೆ ಎಂದು ಬಿಡಿಸಲಾಗದಂತೆ ಗೇಣಿಗೆ ಕೊಟ್ಟಿದ್ದರೆ ಅದೂ ಸಾಮಾನ್ಯವಾಗಿ ಇತರ ವರಮಾನವೇ. ಅಲ್ಲಿ ದುರಸ್ತಿ, ವಿಮೆ, ಯಂತ್ರದ ಸವಕಳಿ ಇವುಗಳನ್ನು ಕಳೆಯಬಹುದು.

5. ಬಾಡಿಗೆಗೆ ಪಡೆದು ಮರುಬಾಡಿಗೆಗೆ ಕೊಟ್ಟದ್ದು: ಕೊಟ್ಟವನು ಮಾಲಿಕನಲ್ಲವಾದ್ದರಿಂದ ಇದಕ್ಕೂ ಕೆಳಗಿನ ಕ್ರಮ ಸಲ್ಲದು.

ಮೂರು ವಜಾಗಳು

ಒಂದು: ಸ್ಥಳೀಯ ಸಂಸ್ಥೆಯ ತೆರಿಗೆ. ಪಂಚಾಯತಿ, ಪುರಸಭೆ, ನಗರಸಭೆಗಳು ಕಟ್ಟಡದ ಮೇಲೆ ಹಾಕುವ ತೆರಿಗೆ ಇದು. ಅಕ್ಕಲಕೋಟೆ, ಜತ್ತದ ಕಡೆ ಘರಪಟ್ಟಿ ಎನ್ನುವರು. ತಾಳವಾಡಿ, ಹೊಸೂರಿನಲ್ಲಿ ವೀಟು ವರಿ. ಮಡಕಶಿರಾದಲ್ಲಿ ಇಂಟಿ ಪನ್ನು. ಕಾಸರಗೋಡಿನಲ್ಲಿ ಕಟ್ಟಡ ತೆರಿಗೆ. ಹೆಸರು ಯಾವುದಾದರೂ ವಜಾಕ್ಕೆ ಎರಡು ಷರತ್ತು. ತೆರಿಗೆಯನ್ನು ಮಾಲಿಕನೇ ಕಟ್ಟಿರಬೇಕು. ಆ ವರ್ಷದಲ್ಲಿ ನಿಜವಾಗಿ ಕಟ್ಟಿರಬೇಕು. ಬಾಕಿ ಉಳಿಸಿದ ತೆರಿಗೆ ಆ ವರ್ಷ ಕಳೆಯದು. ಮುಂದಿನ ವರ್ಷ ಎರಡು ವರ್ಷದ್ದನ್ನು ಒಟ್ಟಿಗೆ ಕಟ್ಟಿದರೆ, ಎರಡೂ ಆ ವರ್ಷದಲ್ಲಿ ಕಳೆಯುವುವು. ಬಾಡಿಗೆದಾರನೇ ತೆರಿಗೆ ಕಟ್ಟುವ ಕರಾರಿದ್ದರೆ ಮಾಲಿಕನಿಗೆ ಈ ವಜಾ ಇಲ್ಲ. ಮೀಟರಿನಂತೆ ಬಳಸಿದ ನೀರಿನ ದುಡ್ಡು ಕಟ್ಟಡದ ತೆರಿಗೆಯಲ್ಲ ಎಂಬುದನ್ನೂ ನೆನಪಿಡಬೇಕು.

ಎರಡು: ಶೇಕಡಾ 30. ಬಾಡಿಗೆಯಲ್ಲಿ ಸ್ಥಳೀಯ ತೆರಿಗೆ ಕಳೆದು ಉಳಿದ ಮೊತ್ತಕ್ಕೆ ನೂರಕ್ಕೆ ಮೂವತ್ತರಂತೆ ಕಾಯಿದೆ ತಾನಾಗಿಯೇ ಬಿಟ್ಟುಕೊಡುವುದು. ಇದಕ್ಕೆ ಚೀಟಿ ಬೇಡ, ರಶೀದಿ ಬೇಡ. ಆ ವರ್ಷ ಒಂದು ಹೆಂಚನ್ನೂ ಬದಲಿಸದಿದ್ದರೂ 30 ಸಿಗುವುದು. ಮಾಡು ಪೂರ್ತಿ ಬಿಚ್ಚಿ ಕಟ್ಟಿಸಿದರೂ 30ಕ್ಕಿಂತ ಹೆಚ್ಚು ಸಿಗದು.

ಮೂರು: ಸಾಲದ ಬಡ್ಡಿ. ಆ ಕಟ್ಟಡವನ್ನು ಕೊಳ್ಳಲು, ಕಟ್ಟಲು, ದುರಸ್ತಿ ಮಾಡಲು ಅಥವಾ ಹೊಸದಾಗಿ ಮಾಡಲು ತಂದ ಸಾಲದ ಬಡ್ಡಿ. ಬಾಡಿಗೆಗೆ ಕೊಟ್ಟ ಕಟ್ಟಡದಲ್ಲಿ ಈ ಬಡ್ಡಿಗೆ ಇಷ್ಟೇ ಎಂಬ ಮಿತಿ ಇಲ್ಲ.

ಒಂದು ಲೆಕ್ಕ

ಒಬ್ಬ ರೈತನಿಗೆ ಪೇಟೆಯಲ್ಲಿ ಎರಡು ಮಳಿಗೆಗಳಿವೆಯೆಂದು ಇಟ್ಟುಕೊಳ್ಳೋಣ. ಎರಡೂ ಸೇರಿ ತಿಂಗಳಿಗೆ ರೂ. 18,000 ಬಾಡಿಗೆ.

ವರ್ಷದ ಬಾಡಿಗೆ: ರೂ. 2,16,000
ಕಟ್ಟಿದ ಪುರಸಭೆಯ ತೆರಿಗೆ ವಜಾ: ರೂ. 6,000
ಉಳಿದದ್ದು: ರೂ. 2,10,000
ಇದರ ಶೇಕಡಾ 30 ವಜಾ: ರೂ. 63,000
ಉಳಿದದ್ದು: ರೂ. 1,47,000
ಸಾಲದ ಬಡ್ಡಿ ವಜಾ: ರೂ. 90,000
ಲೆಕ್ಕಕ್ಕೆ ಬರುವ ವರಮಾನ: ರೂ. 57,000

ಕೈಗೆ ಬಂದದ್ದು ಎರಡು ಲಕ್ಷಕ್ಕೆ ಮೇಲೆ. ತೆರಿಗೆಯ ಲೆಕ್ಕಕ್ಕೆ ನಿಂತದ್ದು ಐವತ್ತೇಳು ಸಾವಿರ. ಇವನು ಬಡ್ಡಿಯ ದಾಖಲೆ ತಾರದೆ ಹೋಗಿದ್ದರೆ ರೂ. 1,47,000 ಲೆಕ್ಕಕ್ಕೆ ಬರುತ್ತಿತ್ತು.

ಇದೇ ರೈತ ಆ ವರ್ಷ ಮಳಿಗೆಯ ಮಾಡಿಗೆ ರೂ. 1,10,000 ಖರ್ಚು ಮಾಡಿದ್ದರೆ? ಲೆಕ್ಕ ಒಂದು ಕಾಸೂ ಬದಲಾಗುವುದಿಲ್ಲ. ದುರಸ್ತಿಗೆಂದು ಕೊಟ್ಟ ವಜಾ ಆ 63,000ದಲ್ಲಿಯೇ ಸೇರಿಹೋಗಿದೆ. ಆದರೆ ಆ ದುರಸ್ತಿಗೆ ಸಾಲ ತಂದಿದ್ದರೆ ಅದರ ಬಡ್ಡಿ ಮೂರನೆಯ ವಜಾದಲ್ಲಿ ಬರುವುದು.

ವಜಾ ಆಗದ ಖರ್ಚುಗಳು

ಸುಣ್ಣ ಬಣ್ಣ, ಹೆಂಚು, ಗಾರೆ, ಕೊಳಾಯಿ ರಿಪೇರಿ, ಕಾವಲುಗಾರನ ಸಂಬಳ, ಬೆಂಕಿ ವಿಮೆಯ ಕಂತು, ದಲ್ಲಾಳಿಯ ಹಣ, ಬಾಡಿಗೆ ವಸೂಲಿಗೆ ಓಡಾಡಿದ ಬಸ್ಸಿನ ಖರ್ಚು, ಕರಾರುಪತ್ರ ಬರೆಸಿದ ಖರ್ಚು, ವಕೀಲರ ಫೀಜು: ಇವು ಯಾವುವೂ ಬೇರೆಯಾಗಿ ಕಳೆಯವು. ಎಲ್ಲದಕ್ಕೂ ಸೇರಿಸಿಯೇ ಶೇಕಡಾ 30.

"ನಮ್ಮ ಅಜ್ಜನ ಕಾಲದಲ್ಲಿ ವಿಮೆಯನ್ನು ಕಳೆಯುತ್ತಿದ್ದರು" ಎಂದು ಹಿರಿಯರು ಹೇಳಿದರೆ ಅದು ಸುಳ್ಳಲ್ಲ. 1922ರ ಕಾಯಿದೆಯಲ್ಲಿ ದುರಸ್ತಿಗೆ ಆರನೆಯ ಒಂದು ಪಾಲು ಬಿಡುತ್ತಿದ್ದರು. 1961ರ ಕಾಯಿದೆ ಹುಟ್ಟಿದಾಗಲೂ ಆರನೆಯ ಒಂದು ಪಾಲಿನ ಜೊತೆಗೆ ವಿಮೆ, ಭೂಕಂದಾಯ, ವಸೂಲಿಯ ಖರ್ಚು ಮೊದಲಾದವು ಬೇರೆ ಬೇರೆಯಾಗಿ ಪಟ್ಟಿಯಲ್ಲಿದ್ದುವು. 2001ರ ಹಣಕಾಸು ಕಾಯಿದೆ ಆ ಪಟ್ಟಿಯನ್ನು ತೆಗೆದುಹಾಕಿ ಶೇಕಡಾ 30 ಮತ್ತು ಬಡ್ಡಿ ಇವೆರಡನ್ನೇ ಉಳಿಸಿತು. ಹಳೆಯ ಪಟ್ಟಿಯನ್ನು ನೆಚ್ಚಿ ಇಂದು ಲೆಕ್ಕ ಬರೆಯಬಾರದು.

ಬಾಡಿಗೆಯೊಡನೆ ದೀಪ, ಮೋಟಾರಿನ ನೀರು, ಕಾವಲು ಇವನ್ನೂ ನೀವೇ ಒದಗಿಸಿ ಒಟ್ಟು ಹಣ ತೆಗೆದುಕೊಳ್ಳುವುದಿದ್ದರೆ, ಕರಾರಿನಲ್ಲಿ ಬಾಡಿಗೆ ಇಷ್ಟು, ಸೇವೆಗೆ ಇಷ್ಟು ಎಂದು ಬೇರೆ ಬೇರೆ ಬರೆಸುವುದು ಒಳ್ಳೆಯದು. ಸೇವೆಯ ಹಣ ಬೇರೆ ಬಾಬಿಗೆ ಸೇರಿ, ಅದಕ್ಕೆ ತಗಲಿದ ಖರ್ಚನ್ನು ಅಲ್ಲಿ ತೋರಿಸಬಹುದು.

ಸಾಲದ ವಿಷಯದಲ್ಲಿ ಎಚ್ಚರ

ಕಂತಿನಲ್ಲಿ ಅಸಲೂ ಇರುವುದು, ಬಡ್ಡಿಯೂ ಇರುವುದು. ಬಾಡಿಗೆಯಲ್ಲಿ ಕಳೆಯುವುದು ಬಡ್ಡಿ ಮಾತ್ರ. ಆದ್ದರಿಂದ ಪ್ರತಿ ವರ್ಷ ಮಾರ್ಚ್ ಮುಗಿದೊಡನೆ ಬ್ಯಾಂಕಿಗೆ ಅಥವಾ ಸಹಕಾರಿ ಸಂಘಕ್ಕೆ ಹೋಗಿ, ಅಸಲು ಇಷ್ಟು, ಬಡ್ಡಿ ಇಷ್ಟು ಎಂದು ಬಿಡಿಸಿ ಬರೆದ ಪತ್ರವನ್ನು ಕೇಳಿ ತರಬೇಕು.

ಸಾಲ ಬ್ಯಾಂಕಿನದೇ ಆಗಬೇಕೆಂದಿಲ್ಲ. ನೆಂಟರಿಂದ ತಂದ ಸಾಲದ ಬಡ್ಡಿಯೂ ಸಲ್ಲುವುದು. ಚಿನ್ನ ಅಡವಿಟ್ಟ ಸಾಲದ ಬಡ್ಡಿಯೂ ಸಲ್ಲುವುದು. ಆದರೆ ಆ ಹಣ ಆ ಕಟ್ಟಡಕ್ಕೇ ಹೋಯಿತೆಂದು ತೋರಿಸುವ ಭಾರ ನಿಮ್ಮದು. ಸಾಲದ ಹಣ ಖಾತೆಗೆ ಬಂದ ದಿನ, ಸಿಮೆಂಟು ಕಬ್ಬಿಣದ ಅಂಗಡಿಗೆ ಹಣ ಹೋದ ದಿನ ಎರಡೂ ಪಾಸ್‌ಬುಕ್ಕಿನಲ್ಲಿ ಒಂದಕ್ಕೊಂದು ಹೊಂದುವಂತಿದ್ದರೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ರೂ. 20,000 ಅಥವಾ ಅದಕ್ಕೆ ಮೇಲ್ಪಟ್ಟ ಸಾಲವನ್ನು ನಗದಾಗಿ ಪಡೆಯುವುದಕ್ಕೂ ಹಿಂದಿರುಗಿಸುವುದಕ್ಕೂ ಕಾಯಿದೆಯ ತಡೆ ಇದೆ. ಮೀರಿದರೆ ದಂಡ ಬೀಳಬಹುದು. ನೆಂಟರ ಸಾಲವನ್ನೂ ಬ್ಯಾಂಕಿನ ಮೂಲಕವೇ ಪಡೆಯಿರಿ, ಒಂದು ಕಾಗದವನ್ನೂ ಬರೆದಿಡಿ.

ಕಟ್ಟಡ ಮುಗಿಯುವ ಮೊದಲಿನ ಬಡ್ಡಿಯನ್ನು ಬಹಳ ಜನ ಮರೆತುಬಿಡುವರು. ಅದು ಪೋಲಾಗುವುದಿಲ್ಲ. 2023ರ ಜೂನ್‌ನಲ್ಲಿ ಸಾಲ ತಂದು 2025ರ ಅಕ್ಟೋಬರಿನಲ್ಲಿ ಕಟ್ಟಡ ಮುಗಿಯಿತೆನ್ನೋಣ. 2025ರ ಮಾರ್ಚ್ 31ರ ವರೆಗಿನ ಬಡ್ಡಿ ಒಟ್ಟು ರೂ. 1,50,000 ಆಗಿದ್ದರೆ, ಅದನ್ನು ಐದು ಸಮಪಾಲು ಮಾಡಿ, ಕಟ್ಟಡ ಮುಗಿದ ವರ್ಷದಿಂದ ವರ್ಷಕ್ಕೆ ರೂ. 30,000ದಂತೆ ಐದು ವರ್ಷ ಕಳೆಯುವರು. 2025ರ ಏಪ್ರಿಲ್ 1ರಿಂದ ಮುಂದಿನ ಬಡ್ಡಿ ಆಯಾ ವರ್ಷಕ್ಕೇ ಸೇರುವುದು.

ಕಂತು ತಪ್ಪಿದ್ದಕ್ಕಾಗಿ ಬಾಕಿ ಬಡ್ಡಿಯ ಮೇಲೆ ಬಿದ್ದ ಬಡ್ಡಿ ವಜಾ ಅಲ್ಲ. ಸುಪ್ರೀಂ ಕೋರ್ಟು 1973ರಲ್ಲಿಯೇ ಹೀಗೆ ತೀರ್ಮಾನಿಸಿದೆ. ಸಾಲ ಕೊಡಿಸಿದವನಿಗೆ ಕೊಟ್ಟ ದಲ್ಲಾಳಿಯೂ ವಜಾ ಅಲ್ಲ.

ಖಾಲಿ ಬಿದ್ದ ತಿಂಗಳು, ಬಾರದ ಬಾಡಿಗೆ, ಮುಂಗಡ

ಬಾಡಿಗೆಗೆ ಕೊಟ್ಟ ಮಳಿಗೆ ನಡುವೆ ಕೆಲವು ತಿಂಗಳು ಖಾಲಿ ಬಿದ್ದು, ಆ ಕಾರಣದಿಂದಲೇ ಬಾಡಿಗೆ ಕಡಮೆಯಾಗಿದ್ದರೆ ಬಂದಷ್ಟನ್ನೇ ಲೆಕ್ಕಕ್ಕೆ ಹಿಡಿಯುವರು. ಬಾಡಿಗೆದಾರ ಹಣ ಕೊಡದೆ ಓಡಿಹೋದರೂ ಆ ಬಾಕಿಯನ್ನು ಬಿಡಬಹುದು. ಆದರೆ ಬಾಡಿಗೆ ವ್ಯವಹಾರ ನಿಜವಾದದ್ದಾಗಿರಬೇಕು, ಅವನು ಬಿಟ್ಟುಹೋಗಿರಬೇಕು ಅಥವಾ ಬಿಡಿಸಲು ಕ್ರಮ ಕೈಕೊಂಡಿರಬೇಕು, ನಿಮ್ಮ ಬೇರೆ ಕಟ್ಟಡದಲ್ಲಿ ಅವನು ಇರಬಾರದು, ವಸೂಲಿಗೆ ತಕ್ಕ ಪ್ರಯತ್ನವೂ ಆಗಿರಬೇಕು. ಬಾಯಿಮಾತಿನ ಜಗಳ ಸಾಲದು; ಟಪಾಲಿನಲ್ಲಿ ಒಂದು ನೋಟೀಸಾದರೂ ಹೋಗಿರಲಿ. ಮುಂದೆಂದಾದರೂ ಆ ಬಾಕಿ ಕೈಗೆ ಬಂದರೆ, ಬಂದ ವರ್ಷದ ಲೆಕ್ಕಕ್ಕೆ ತಂದು ಅದರಲ್ಲಿಯೂ ಶೇಕಡಾ 30 ಕಳೆಯಬಹುದು.

ಹಿಂದಿರುಗಿಸಬೇಕಾದ ಮುಂಗಡ ಠೇವಣಿ ಬಾಡಿಗೆಯಲ್ಲ. ಭಾವಮೈದುನನೆಂದು ತೀರ ಕಡಮೆ ಬಾಡಿಗೆಗೆ ಕೊಟ್ಟರೆ ಮಾತ್ರ, ಆ ಬೀದಿಯಲ್ಲಿ ನ್ಯಾಯವಾಗಿ ಬರಬಹುದಾದ ಬಾಡಿಗೆಯನ್ನು ಹಿಡಿದು ಲೆಕ್ಕ ಕೇಳಬಹುದು.

ಯಾರ ಹೆಸರಿನಲ್ಲಿ ಲೆಕ್ಕ?

ಬಾಡಿಗೆ ಯಾರ ಕೈಗೆ ಬಂತೆಂಬುದಕ್ಕಿಂತ ಕಟ್ಟಡ ಯಾರದೆಂಬುದು ಮುಖ್ಯ. ಅಣ್ಣತಮ್ಮಂದಿರಿಗೆ ಗೊತ್ತಾದ ಪಾಲುಗಳಿದ್ದರೆ ಅವರವರ ಪಾಲಿನ ಬಾಡಿಗೆ ಅವರವರ ಲೆಕ್ಕಕ್ಕೆ ಹೋಗುವುದು. ವಜಾಗಳೂ ಹಾಗೆಯೇ ಹಂಚಿಹೋಗುವುವು. ಪಾಲಾದರೂ ಪಂಚಾಯತಿಯ ಪುಸ್ತಕದಲ್ಲಿ ತೀರಿಹೋದ ತಂದೆಯ ಹೆಸರೇ ಉಳಿದಿರುವುದು ನಮ್ಮಲ್ಲಿ ಸಾಮಾನ್ಯ. ಬ್ಯಾಂಕಿನಲ್ಲಿ ಒಂದು ಹೆಸರು, ಮಲಯಾಳ ಅಥವಾ ಮರಾಠಿ ರಶೀದಿಯಲ್ಲಿ ಬೇರೆ ಕಾಗುಣಿತದ ಇನ್ನೊಂದು ಹೆಸರು, ಪ್ಯಾನ್ ಚೀಟಿಯಲ್ಲಿ ಮೂರನೆಯದು ಎಂದಾದರೆ ತಕರಾರು ಬಂದಾಗ ಕಷ್ಟ. ಖಾತೆ ಬದಲಾವಣೆ ಮಾಡಿಸಿ ಹೆಸರನ್ನು ಸರಿಪಡಿಸಿಕೊಳ್ಳುವುದು ಮೊದಲ ಕೆಲಸ. ತಕ್ಕ ಬೆಲೆ ಪಡೆಯದೆ ಹೆಂಡತಿಯ ಹೆಸರಿಗೆ ಮನೆ ಬರೆದುಕೊಟ್ಟರೆ ತೆರಿಗೆಯ ಲೆಕ್ಕದಲ್ಲಿ ಗಂಡನನ್ನೇ ಮಾಲಿಕನೆಂದು ಹಿಡಿಯುವರು.

ಕಾಸರಗೋಡಿನ ಕಡೆ ಮಾಲಿಕರು ಗಲ್ಫಿನಲ್ಲಿದ್ದು ಮನೆ ಇಲ್ಲಿ ಬಾಡಿಗೆಗಿರುವುದು ಉಂಟು. ಮಾಲಿಕರು ಕಾಯಿದೆಯ ಪ್ರಕಾರ ಅನಿವಾಸಿಯಾಗಿದ್ದರೆ, ಬಾಡಿಗೆ ಎಷ್ಟೇ ಚಿಕ್ಕದಾದರೂ ಬಾಡಿಗೆದಾರನು ಸೆಸ್ ಸೇರಿ ನೂರಕ್ಕೆ 31.2ರಂತೆ ತೆರಿಗೆ ಹಿಡಿದು ಸರಕಾರಕ್ಕೆ ಕಟ್ಟಬೇಕು. ಮೂರು ವಜಾ ಕಳೆದ ಮೇಲೆ ತೆರಿಗೆ ಅಷ್ಟು ಆಗದಿದ್ದರೆ, ಮಾಲಿಕರು ಕಡಮೆ ಹಿಡಿಯುವಂತೆ ಇಲಾಖೆಯ ಪ್ರಮಾಣಪತ್ರ ಪಡೆಯಬಹುದು, ಇಲ್ಲವೇ ತಖ್ತೆ ಸಲ್ಲಿಸಿ ಹೆಚ್ಚಿನ ಹಣವನ್ನು ಹಿಂದಕ್ಕೆ ಪಡೆಯಬಹುದು.

ಹಳೆಯ ಪದ್ಧತಿ, ಹೊಸ ಪದ್ಧತಿ

ಈಗ ತೆರಿಗೆಗೆ ಎರಡು ಪದ್ಧತಿಗಳಿವೆ. ಬೇರೆ ಕೇಳದಿದ್ದರೆ ಹೊಸ ಪದ್ಧತಿಯೇ ಅನ್ವಯ. 2025ರ ಹಣಕಾಸು ಕಾಯಿದೆಯಂತೆ ಹೊಸ ಪದ್ಧತಿಯಲ್ಲಿ ರೂ. 4 ಲಕ್ಷದ ವರೆಗೆ ತೆರಿಗೆ ಇಲ್ಲ. ದೇಶದಲ್ಲಿ ನೆಲೆಸಿದವರ ಸಾಮಾನ್ಯ ವರಮಾನ ರೂ. 12 ಲಕ್ಷದೊಳಗಿದ್ದರೆ ರಿಯಾಯಿತಿಯಿಂದ ತೆರಿಗೆ ಸೊನ್ನೆಯಾಗುವುದು. ಆದರೆ ತೆರಿಗೆ ಸೊನ್ನೆಯಾಯಿತೆಂದು ತಖ್ತೆ ಸಲ್ಲಿಸದೆ ಬಿಡಬಾರದು. ವರಮಾನ 4 ಲಕ್ಷ ಮೀರಿದರೆ ಸಲ್ಲಿಸಲೇಬೇಕು.

ಮೂರು ವಜಾಗಳೂ ಬಾಡಿಗೆಯ ಕಟ್ಟಡಕ್ಕೆ ಎರಡು ಪದ್ಧತಿಗಳಲ್ಲಿಯೂ ಇವೆ. ವ್ಯತ್ಯಾಸ ಕಾಣುವುದು ನಷ್ಟದಲ್ಲಿ. ಮೇಲಿನ ಲೆಕ್ಕದಲ್ಲಿ ಬಡ್ಡಿ ರೂ. 90,000ದ ಬದಲು 1,80,000 ಆಗಿದ್ದರೆ ರೂ. 33,000 ನಷ್ಟ. ಹಳೆಯ ಪದ್ಧತಿಯಲ್ಲಿ ಇಂಥ ನಷ್ಟವನ್ನು ವರ್ಷಕ್ಕೆ ರೂ. 2 ಲಕ್ಷದ ವರೆಗೆ ಸಂಬಳ ಮೊದಲಾದ ಬೇರೆ ವರಮಾನದಲ್ಲಿ ಕಳೆಯಬಹುದು. ಉಳಿದದ್ದನ್ನು ಮುಂದಿನ ಎಂಟು ವರ್ಷ ಮನೆ ಆಸ್ತಿಯ ವರಮಾನದಲ್ಲಿ ಕಳೆಯಬಹುದು. ಹೊಸ ಪದ್ಧತಿಯಲ್ಲಿ ಬೇರೆ ವರಮಾನದಲ್ಲಿ ಕಳೆಯಲಾಗದು. ಆದ್ದರಿಂದ ಸಾಲ ದೊಡ್ಡದಿದ್ದು ಮನೆಯಲ್ಲಿ ನೌಕರಿಯ ಸಂಬಳವೂ ಇರುವವರು ಎರಡೂ ಲೆಕ್ಕ ಹಾಕಿಸಿ ನೋಡಬೇಕು.

ಬೆಳೆಯ ನಿವ್ವಳ ವರಮಾನ ರೂ. 5,000 ಮೀರಿ, ಉಳಿದ ವರಮಾನವೂ ತೆರಿಗೆ ಇಲ್ಲದ ಮಿತಿಯನ್ನು ದಾಟಿದರೆ, ತೆರಿಗೆಯ ದರ ನಿಶ್ಚಯಿಸುವಾಗ ಬೆಳೆಯ ವರಮಾನವನ್ನೂ ಕೂಡಿಸಿ ನೋಡುವರು. ಬೆಳೆಗೆ ತೆರಿಗೆ ಹಾಕುವರೆಂದಲ್ಲ. ಬಾಡಿಗೆ ಮೊದಲಾದವುಗಳ ಮೇಲಿನ ದರ ಏರುವುದು. ಆದ್ದರಿಂದ ಬಾಡಿಗೆ ಇರುವ ರೈತ ಬೆಳೆಯ ಲೆಕ್ಕವನ್ನೂ ಬರೆದಿಡತಕ್ಕದ್ದು.

ಕೆಲವು ಪ್ರಶ್ನೆಗಳು

ಪ್ರಶ್ನೆ: ಬಾಡಿಗೆದಾರನೇ ತನ್ನ ಖರ್ಚಿನಲ್ಲಿ ಬಣ್ಣ ಹೊಡೆಸಿದ. ನನಗೆ 30 ಸಿಗುವುದೇ?
ಉತ್ತರ: ಸಿಗುವುದು. ಯಾರು ಖರ್ಚು ಮಾಡಿದರೆಂದು ಕೇಳುವುದಿಲ್ಲ.

ಪ್ರಶ್ನೆ: ಮೇಲೆ ನಾವಿದ್ದೇವೆ, ಕೆಳಗೆ ಮಳಿಗೆ ಬಾಡಿಗೆಗಿದೆ. ತೆರಿಗೆ, ಬಡ್ಡಿ ಎಲ್ಲವನ್ನೂ ಕಳೆಯಬಹುದೇ?
ಉತ್ತರ: ಬಾಡಿಗೆಯ ಭಾಗಕ್ಕೆ ಬರುವಷ್ಟನ್ನು ಮಾತ್ರ ಬಾಡಿಗೆಯಲ್ಲಿ ಕಳೆಯಬೇಕು. ಅಳತೆಗೆ ತಕ್ಕಂತೆ ಹಂಚಿ ಬರೆದಿಡಿ.

ಪ್ರಶ್ನೆ: ಕೇರಳದಲ್ಲಿ ಹೊಸ ಕಟ್ಟಡಕ್ಕೆ ಕಂದಾಯ ಇಲಾಖೆಗೆ ಒಂದೇ ಸಲ ಕಟ್ಟುವ ಕಟ್ಟಡ ತೆರಿಗೆ ವಜಾ ಆಗುವುದೇ?
ಉತ್ತರ: ಅದು 1975ರ ರಾಜ್ಯ ಕಾಯಿದೆಯಂತೆ ಸರಕಾರಕ್ಕೆ ಸಲ್ಲುವುದು. ವಜಾ ಇರುವುದು ಸ್ಥಳೀಯ ಸಂಸ್ಥೆ ಹಾಕಿದ ತೆರಿಗೆಗೆ. ಪಂಚಾಯತಿಗೆ ವರ್ಷವರ್ಷ ಕಟ್ಟುವುದನ್ನು ಕಳೆಯಿರಿ.

ಪ್ರಶ್ನೆ: ಬ್ಯಾಂಕಿನವರು ನಮ್ಮ ಕಟ್ಟಡದ ಬಾಡಿಗೆಯಲ್ಲಿ ತೆರಿಗೆ ಹಿಡಿದರು. ಸರಿಯೇ?
ಉತ್ತರ: ಬಾಡಿಗೆ ತಿಂಗಳಿಗೆ ರೂ. 50,000 ಮೀರಿದರೆ ಅವರು ನೂರಕ್ಕೆ 10 ಹಿಡಿಯತಕ್ಕದ್ದು. ಆ ಹಣ ನಿಮ್ಮ ಪ್ಯಾನ್ ಲೆಕ್ಕದಲ್ಲಿ ಜಮೆ ಇರುವುದು. ತಖ್ತೆಯಲ್ಲಿ ಮೂರು ವಜಾ ತೋರಿಸಿ, ಹೆಚ್ಚಾಗಿದ್ದರೆ ಹಿಂದಕ್ಕೆ ಪಡೆಯಿರಿ.

ಕಟ್ಟಿಡಬೇಕಾದ ಕಾಗದಗಳು

1. ಬಾಡಿಗೆ ಕರಾರುಪತ್ರ.
2. ಬಾಡಿಗೆ ಬಂದ ತಿಂಗಳು, ಮೊತ್ತ ಬರೆದ ಪುಸ್ತಕ ಅಥವಾ ಪಾಸ್‌ಬುಕ್ಕು.
3. ಆ ವರ್ಷ ಕಟ್ಟಿದ ಸ್ಥಳೀಯ ತೆರಿಗೆಯ ರಶೀದಿ.
4. ಬಡ್ಡಿ ಬಿಡಿಸಿ ತೋರಿಸಿದ ಬ್ಯಾಂಕಿನ ಪತ್ರ. ನೆಂಟರ ಸಾಲವಾದರೆ ಸಾಲಪತ್ರ.
5. ಸಾಲದ ಹಣ ಕಟ್ಟಡಕ್ಕೆ ಹೋದದ್ದನ್ನು ತೋರಿಸುವ ಬಿಲ್ಲುಗಳು.
6. ಮಾಲಿಕತ್ವದ ಪತ್ರ, ಪಾಲಾಗಿದ್ದರೆ ಪಾಲುಪಟ್ಟಿ.

ಸುಣ್ಣ ಹೆಂಚುಗಳ ಚೀಟಿಯನ್ನು ಮನೆಯ ಲೆಕ್ಕಕ್ಕಾಗಿ ಇಟ್ಟುಕೊಳ್ಳಿ. ತೆರಿಗೆಗೆ ಅದು ಬೇಡ. ಮಾರ್ಚ್ 31ರೊಳಗೆ ಪಂಚಾಯತಿಯ ತೆರಿಗೆ ಕಟ್ಟಿ ರಶೀದಿ ಪಡೆಯುವುದು, ಏಪ್ರಿಲ್‌ನಲ್ಲಿ ಬ್ಯಾಂಕಿನಿಂದ ಬಡ್ಡಿಯ ಪತ್ರ ತರುವುದು: ವರ್ಷಕ್ಕೆ ಈ ಎರಡು ಕೆಲಸ ತಪ್ಪದೆ ಮಾಡಿದರೆ ಮೂರನೆಯ ವಜಾವಾದ ಶೇಕಡಾ 30 ತಾನಾಗಿ ಬರುವುದು. ಆಡಿಟರ ಮುಂದೆ ಕುಳಿತಾಗ ಈ ಆರು ಕಾಗದಗಳು ಕೈಯಲ್ಲಿದ್ದರೆ, ಬೇಸಾಯದ ಕಷ್ಟಕ್ಕೆ ಆಸರೆಯಾಗಿ ಕಟ್ಟಿದ ಕಟ್ಟಡದಿಂದ ನ್ಯಾಯವಾಗಿ ಉಳಿಯಬೇಕಾದ ಹಣ ನಿಮ್ಮಲ್ಲಿಯೇ ಉಳಿಯುವುದು.